ಕತ್ತಲ ಪ್ರಾಣಿ ಮತ್ತು ಹಗಲಿನ ಕೊಲೆಗಾರರು

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಯ ಸೀಮೆಯಲ್ಲಿ ಕಬ್ಬು ಆಳೆತ್ತರಕ್ಕೆ ಬೆಳೆದ ಮೇಲೆ ಒಳಗೇನಿದೆಯೆಂದು ಹೊಲದ ಒಡೆಯನಿಗೂ ಕಾಣದು. ರಾತ್ರಿ ನೀರು ಹಾಯಿಸಲು ಹೋದವನ ಮುಂದೆ ಎರಡು ಕಣ್ಣುಗಳು ಹೊಳೆದರೆ, ಬೆಳಗಾಗುವಷ್ಟರಲ್ಲಿ ಊರಿನವರ ಮಾತಿನಲ್ಲಿ ಅವಕ್ಕೆ ಕೋರೆಹಲ್ಲುಗಳೂ ಮೂಡಿರುತ್ತವೆ. ನಿಜವಾಗಿ ಅದರಲ್ಲಿ ನಿಗೂಢವೇನೂ ಇಲ್ಲ. ಮುಧೋಳ ಮತ್ತು ಬೀಳಗಿ ತಾಲೂಕುಗಳಲ್ಲಿ ಹರಡಿರುವ ಯಡಹಳ್ಳಿ ಅರಣ್ಯವನ್ನು ಸರಕಾರವು 2016ರಲ್ಲಿ ಚಿಂಕಾರ ವನ್ಯಜೀವಿಧಾಮವೆಂದು ಘೋಷಿಸಿತು. ತೋಳ, ಕತ್ತೆಕಿರುಬ, ನರಿಗಳು ಅಲ್ಲಿಯ ಹಳೆಯ ನಿವಾಸಿಗಳು.

ಪ್ರಾಣಿಗೆ ಹೆದರುವುದು ತಪ್ಪಲ್ಲ. ನಮ್ಮ ಆತಂಕವಿರುವುದು ಆ ಹೆದರಿಕೆಯು ಮುಂದೆ ಯಾರನ್ನು ಹುಡುಕಿಕೊಂಡು ಹೋಗುತ್ತದೆ ಎಂಬುದರ ಬಗ್ಗೆ. 1996ರಲ್ಲಿ ಉತ್ತರ ಪ್ರದೇಶದ ಪೂರ್ವ ಜಿಲ್ಲೆಗಳಲ್ಲಿ ತೋಳವು ಮಕ್ಕಳನ್ನು ಎಳೆದೊಯ್ದಾಗ, ಅದು ತೋಳದ ರೂಪ ತಾಳಿದ ಮನುಷ್ಯನೆಂಬ ಸುದ್ದಿ ಹಬ್ಬಿತು. ಅಮಾಯಕ ಅಪರಿಚಿತರು ಗುಂಪಿನ ಕೈಯಲ್ಲಿ ಸತ್ತರು. 2001ರಲ್ಲಿ ದೆಹಲಿಯ 'ಮಂಗಮಾನವ' ಯಾರಿಗೂ ಸಿಗಲಿಲ್ಲ. ಅವನಿಗೆ ಹೆದರಿ ಮಾಳಿಗೆಯಿಂದ ಬಿದ್ದು ಸತ್ತವರು ಮಾತ್ರ ನಿಜವಾಗಿಯೂ ಸತ್ತರು.

ನಮ್ಮ ರಾಜ್ಯಕ್ಕೇ ಬರೋಣ. 1990ರ ದಶಕದಲ್ಲಿ ಮನೆಬಾಗಿಲುಗಳ ಮೇಲೆ 'ನಾಳೆ ಬಾ' ಎಂದು ಬರೆದದ್ದು ಹಲವರಿಗೆ ನೆನಪಿದೆ. ಆ ದೆವ್ವಕ್ಕೆ ಎರಡು ಪದ ಸಾಕಾಗಿತ್ತು. ವಾಟ್ಸಾಪ್ ಕಾಲದ ದೆವ್ವಕ್ಕೆ ಸಾಕಾಗಲಿಲ್ಲ. 2018ರ ಜುಲೈಯಲ್ಲಿ ಹೈದರಾಬಾದಿನಿಂದ ಬೀದರ್ ಜಿಲ್ಲೆಗೆ ಬಂದಿದ್ದವರು ದಾರಿಯಲ್ಲಿ ಮಕ್ಕಳಿಗೆ ಚಾಕಲೇಟು ಕೊಟ್ಟರು. ಅಷ್ಟೇ ಅವರ ಅಪರಾಧ! ಮಕ್ಕಳ ಕಳ್ಳರೆಂಬ ಸಂದೇಶವು ಅವರ ಕಾರಿಗಿಂತ ಮೊದಲೇ ಮುರ್ಕಿ ಗ್ರಾಮವನ್ನು ತಲುಪಿತು. ಒಬ್ಬ ಯುವ ಇಂಜಿನಿಯರ್ ಕೊಲೆಯಾದರು. ಬಿಡಿಸಲು ಹೋದ ಪೊಲೀಸರೂ ಗಾಯಗೊಂಡರು. ಅದೇ ತಿಂಗಳ 1ರಂದು ಮಹಾರಾಷ್ಟ್ರದ ಧುಳೆ ಜಿಲ್ಲೆಯ ರೈನ್‌ಪಾಡಾದಲ್ಲಿ ಐವರು ಅಲೆಮಾರಿ ಭಿಕ್ಷುಕರನ್ನು ಇದೇ ಸಂಶಯದಿಂದ ಕೊಲ್ಲಲಾಗಿತ್ತು. ಬೀದರಿನಲ್ಲಿ ಸತ್ತವರು ಮುಸ್ಲಿಮರು, ಧುಳೆಯಲ್ಲಿ ಸತ್ತವರು ಗೋಸಾವಿಗಳು. ಆ ಊರುಗಳಿಗೆ ಅವರು ಅಪರಿಚಿತರಾಗಿದ್ದರು ಎಂಬುದೊಂದೇ ಅವರೆಲ್ಲರಿಗೂ ಸಮಾನವಾಗಿತ್ತು.

ಆದ್ದರಿಂದ ಹೆಜ್ಜೆಗುರುತು ಕಂಡ ದಿನವೇ ಅರಣ್ಯ ಇಲಾಖೆಯವರು ಹೊಲಕ್ಕೆ ಬಂದು ಅದು ಯಾವ ಪ್ರಾಣಿಯದ್ದೆಂದು ಹೇಳಬೇಕು. ಮಸೀದಿ, ದೇವಸ್ಥಾನಗಳ ಧ್ವನಿವರ್ಧಕಗಳಲ್ಲಿ ಅದನ್ನೇ ಸಾರಬೇಕು. ಕಬ್ಬು ಕಡಿಯಲೆಂದು ಮಹಾರಾಷ್ಟ್ರದಿಂದ ಬಂದು ಹೊಲದ ಬದಿಯಲ್ಲಿ ಗುಡಿಸಲು ಹಾಕುವವರಿದ್ದಾರೆ, ಓಣಿ ಓಣಿ ತಿರುಗುವ ವ್ಯಾಪಾರಿಗಳಿದ್ದಾರೆ, ಫಕೀರರಿದ್ದಾರೆ. ವದಂತಿ ಹುಟ್ಟಿದ ರಾತ್ರಿ ಅವರ ಹೆಸರು ಕೇಳುವ ತಾಳ್ಮೆ ಯಾರಿಗೂ ಇರುವುದಿಲ್ಲ. ಊರಿನ ಹಿರಿಯರು ಹಂಗಾಮಿನ ಮೊದಲ ವಾರವೇ ಅದನ್ನು ಕೇಳಿ ತಿಳಿದುಕೊಳ್ಳಲಿ.