ಕೃತಜ್ಞತೆಯ ರಸೀದಿ ಕೇಳುವವರು

ರಾಜ್ಯ ಹಿಂದುಳಿದ ವರ್ಗಗಳ ಆಯೋಗವು 2025ರ ಸೆಪ್ಟೆಂಬರ್ 22ರಂದು ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಯನ್ನು ಆರಂಭಿಸುವ ಮೊದಲೇ ಒಂದು ವಿವಾದ ಎದ್ದಿತ್ತು. ಗಣತಿದಾರರಿಗೆಂದು ಸಿದ್ಧಪಡಿಸಿದ ಪಟ್ಟಿಯಲ್ಲಿ ಹಲವು ಜಾತಿಗಳ ಹೆಸರಿನೊಂದಿಗೆ ‘ಕ್ರಿಶ್ಚಿಯನ್’ ಎಂಬ ಪದವೂ ಸೇರಿತ್ತು. ಕ್ರೈಸ್ತ ಧರ್ಮದಲ್ಲಿ ಜಾತಿಯೇ ಇಲ್ಲವೆಂದ ಮೇಲೆ ಈ ಹೆಸರುಗಳು ಎಲ್ಲಿಂದ ಬಂದವು ಎಂದು ಕೆಲವರು ಕೇಳಿದರು. ಇದು ಮತಾಂತರಕ್ಕೆ ಸರ್ಕಾರವೇ ಒತ್ತಿದ ಮೊಹರು ಎಂದು ಮತ್ತೆ ಕೆಲವರು ಕಿಡಿಕಾರಿದರು. ಕೊನೆಗೆ ಅಂಥ 33 ಹೆಸರುಗಳನ್ನು ಆ್ಯಪ್‌ನಲ್ಲಿ ಕಾಣದಂತೆ ಮಾಡಲಾಯಿತು. ಹಾಗೆ ಗುರುತಿಸಿಕೊಳ್ಳಬಯಸುವವರು ತಾವಾಗಿಯೇ ಹೇಳಿ ಬರೆಸಬಹುದೆಂದು ಆಯೋಗ ಸ್ಪಷ್ಟಪಡಿಸಿತು. ಈ ಗದ್ದಲದಲ್ಲಿ ಯಾರ ಮನೆಯ ಬಾಗಿಲಲ್ಲಿ ನಿಂತು ಆ ಪ್ರಶ್ನೆಯನ್ನು ಕೇಳಬೇಕಾಗಿತ್ತೋ ಅವರ ದನಿ ಮಾತ್ರ ಹೆಚ್ಚು ಕೇಳಿಸಲಿಲ್ಲ.

ಅಂಥದೊಂದು ಮನೆಯ ಯುವಕನನ್ನು ನಾನು ಬಲ್ಲೆ. ನಿವೃತ್ತಿಯ ನಂತರ, ಕೆಎಎಸ್ ಪರೀಕ್ಷೆಗೆ ಓದುತ್ತಿರುವ ಬಡ ಮಕ್ಕಳಿಗಾಗಿ ಕೆಲವು ಸ್ನೇಹಿತರು ನಡೆಸುವ ಅಣಕು ಸಂದರ್ಶನಗಳಲ್ಲಿ ಆಗೊಮ್ಮೆ ಈಗೊಮ್ಮೆ ಕುಳಿತುಕೊಳ್ಳುತ್ತೇನೆ. ಗದಗ ಸೀಮೆಯ ಈ ಹುಡುಗ ಅಲ್ಲಿಗೆ ಬಂದಿದ್ದ. ವಯಸ್ಸು ಇಪ್ಪತ್ತೈದರ ಆಸುಪಾಸು. ಮುತ್ತಜ್ಜನ ಕಾಲದಲ್ಲಿ ಪ್ರಾಟೆಸ್ಟಂಟ್ ಸಭೆಗೆ ಸೇರಿದ ದಲಿತ ಕುಟುಂಬದವನು. ಅರ್ಜಿ ನೋಡುತ್ತಿದ್ದ ನನ್ನ ಸಹೋದ್ಯೋಗಿಯೊಬ್ಬರು, ‘ನೀವು ಕ್ರಿಶ್ಚಿಯನ್ನರು, ಆದರೂ ಕನ್ನಡ ಇಷ್ಟು ಚೆನ್ನಾಗಿದೆಯಲ್ಲ!’ ಎಂದು ಮೆಚ್ಚುಗೆಯಿಂದಲೇ ಹೇಳಿದರು. ಅಲ್ಲಿಯವರೆಗೆ ಪುಸ್ತಕದ ಕನ್ನಡದಲ್ಲಿ ಉತ್ತರಿಸುತ್ತಿದ್ದ ಹುಡುಗ ಒಮ್ಮೆಲೇ ತನ್ನೂರಿನ ಮಾತಿಗಿಳಿದು, ‘ಸರ್, ನಮ್ಮ ಮನ್ಯಾಗ ಬ್ಯಾರೆ ಭಾಷಾನ ಇಲ್ಲರಿ’ ಎಂದ. ಕೋಣೆಯಲ್ಲಿದ್ದವರೆಲ್ಲ ನಕ್ಕರು. ಅವನೂ ನಕ್ಕ. ಆದರೆ ಸಂದರ್ಶನ ಮುಗಿದು ಚಹಾ ಕುಡಿಯುವಾಗ ಅವನು ಆಡಿದ ಮಾತುಗಳು ನಗುವಂಥವಾಗಿರಲಿಲ್ಲ.

ಅವನು ಹೇಳಿದ್ದರ ಸಾರಾಂಶವಿಷ್ಟು: ‘ಚಿಕ್ಕಂದಿನಿಂದಲೂ ನಾನು ಯಾರಿಗಾದರೂ ಕೃತಜ್ಞನಾಗಿರಬೇಕೆಂದು ಎಲ್ಲರೂ ಬಯಸುತ್ತಾರೆ. ಸಭೆಯ ಹಿರಿಯರು ಮಿಷನರಿಗಳನ್ನು ನೆನೆ ಎನ್ನುತ್ತಾರೆ. ಅವರು ಬರದಿದ್ದರೆ ನಿನಗೆ ಅಕ್ಷರವೇ ಇರುತ್ತಿರಲಿಲ್ಲವಂತೆ. ಊರಿನವರು ದೇಶವನ್ನು ನೆನೆ ಎನ್ನುತ್ತಾರೆ. ಬೇರೆ ಕಡೆಯಾಗಿದ್ದರೆ ನಿನ್ನನ್ನು ಹೀಗೆ ಬಾಳಲು ಬಿಡುತ್ತಿರಲಿಲ್ಲವಂತೆ. ಕನ್ನಡದ ಅಭಿಮಾನಿಗಳು ಕಿಟೆಲ್ ಹೆಸರು ಹೇಳಿ ಬೆನ್ನು ತಟ್ಟುತ್ತಾರೆ. ನಾನು ಕಿಟೆಲ್ ಮೊಮ್ಮಗನಲ್ಲ ಸರ್. ನನ್ನ ಮುತ್ತಜ್ಜ ಚರ್ಮ ಹದ ಮಾಡುತ್ತಿದ್ದವನು.’

ಅರ್ಥಶಾಸ್ತ್ರ ಓದಿದವರಿಗೆ ಸಾಲ ಎಂದೊಡನೆ ಕಿವಿ ನಿಮಿರುತ್ತದೆ. ನಮ್ಮ ‘ಋಣ’ ಎಂಬ ಪದ ವಿಚಿತ್ರವಾದುದು. ಸಾಹುಕಾರನ ಖಾತೆಯಲ್ಲಿ ಬರೆದದ್ದೂ ಋಣ, ತಾಯಿಯ ಹಾಲಿನದೂ ಋಣ. ಮೊದಲನೆಯದಕ್ಕೆ ಬಡ್ಡಿಯಿದೆ, ವಾಯಿದೆಯಿದೆ, ತೀರಿದ ದಿನ ಪತ್ರವನ್ನು ಹರಿದುಹಾಕುವ ಪದ್ಧತಿಯಿದೆ. ಎರಡನೆಯದು ಎಂದೂ ತೀರದು. ಅದಕ್ಕೇ ಅದನ್ನು ಯಾರೂ ವಸೂಲಿ ಮಾಡುವುದಿಲ್ಲ. ಅಲ್ಪಸಂಖ್ಯಾತ ಸಮುದಾಯದ ಒಬ್ಬ ತರುಣನಿಂದ ನಾವು ಅಪೇಕ್ಷಿಸುವ ಕೃತಜ್ಞತೆ ಹೆಸರಿಗೆ ಎರಡನೆಯ ಬಗೆಯದು, ಕೇಳುವ ರೀತಿ ಮಾತ್ರ ಮೊದಲನೆಯದು.

ಕಿಟೆಲ್ ವಿಷಯವನ್ನೇ ನೋಡೋಣ. 1853ರಲ್ಲಿ ಭಾರತಕ್ಕೆ ಬಂದ ಆ ಜರ್ಮನ್ ಪಾದ್ರಿ 1894ರಲ್ಲಿ ಮಂಗಳೂರಿನಲ್ಲಿ ಪ್ರಕಟಿಸಿದ, ಸುಮಾರು 70,000 ಪದಗಳ ನಿಘಂಟು ಕನ್ನಡದ ಭಾಗ್ಯ. ಕೇಶಿರಾಜನ ವ್ಯಾಕರಣವನ್ನೂ ನಾಗವರ್ಮನ ಛಂದಸ್ಸನ್ನೂ ಸಂಪಾದಿಸಿ ಅಚ್ಚಿಗೆ ತಂದವನೂ ಅವನೇ. ಅವನಿಗಿಂತ ಮೊದಲು ಮೋಗ್ಲಿಂಗ್ 1843ರ ಜುಲೈ 1ರಂದು ‘ಮಂಗಳೂರ ಸಮಾಚಾರ’ವನ್ನು ಹೊರತಂದ, ಬಸವ ಪುರಾಣವನ್ನೂ ದಾಸರ ಪದಗಳನ್ನೂ ಮುದ್ರಿಸಿದ. ಇದಕ್ಕಾಗಿ ಕನ್ನಡಿಗರೆಲ್ಲರೂ ಅವರಿಗೆ ಋಣಿಗಳು. ಹಿಂದೂಗಳು, ಮುಸ್ಲಿಮರು, ಜೈನರು, ಕ್ರೈಸ್ತರು ಎಂಬ ಭೇದ ಅಲ್ಲಿಲ್ಲ. ಹಾಗೆಯೇ ಕಿಟೆಲ್ ಕೂಡ ಋಣಿಯೇ. ತಾಳೆಗರಿ ಬಿಡಿಸಿ ಅರ್ಥ ಹೇಳಿದ ಇಲ್ಲಿನ ಪಂಡಿತರಿಲ್ಲದೆ ಆ ನಿಘಂಟು ಆಗುತ್ತಿರಲಿಲ್ಲ. ಆ ದೊಡ್ಡ ಲೆಕ್ಕದಲ್ಲಿ ಗದಗದ ಈ ಹುಡುಗನ ಪಾಲು ನನ್ನ ಪಾಲಿನಷ್ಟೇ. ಅವನ ಧರ್ಮದ ಕಾರಣದಿಂದ ಕಿಟೆಲ್‌ನನ್ನು ಅವನ ಹೆಸರಿಗೆ ಜಮೆ ಮಾಡುವುದೂ ಬೇಡ, ಖರ್ಚು ಹಾಕುವುದೂ ಬೇಡ.

ಈ ಹುಡುಗನಿಗೆ ನಿಜವಾಗಿಯೂ ಹತ್ತಿರವಾಗಬಹುದಾದವರು ಉತ್ತಂಗಿ ಚನ್ನಪ್ಪನವರು. ಅವರು ಬಾಸೆಲ್ ಮಿಷನ್ನಿನ ಪಾದ್ರಿ. ಊರೂರು ಅಲೆದು, ಜನರ ಬಾಯಲ್ಲಿದ್ದ ಸರ್ವಜ್ಞನ ತ್ರಿಪದಿಗಳನ್ನು ಕಲೆಹಾಕಿ 1924ರಲ್ಲಿ ಪ್ರಕಟಿಸಿದರು. ‘ತಿರುಳ್ಗನ್ನಡ ತಿರುಕ’ ಎಂಬ ಹೆಸರು ಪಡೆದ ಅವರು 1949ರ ಕಲಬುರ್ಗಿ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. ಭಾನುವಾರ ಬೋಧನೆ, ಉಳಿದ ದಿನ ಸರ್ವಜ್ಞ. ಎರಡರ ನಡುವೆ ತಮಗೇನಾದರೂ ಅಡ್ಡಿಯಿದೆಯೆಂದು ಅವರಿಗೆ ಅನ್ನಿಸಿದಂತೆ ಕಾಣುವುದಿಲ್ಲ. 2025ರ ಜನವರಿಯಲ್ಲಿ ತೀರಿಕೊಂಡ ನಾ. ಡಿಸೋಜರೂ ಹಾಗೆಯೇ. ಲೋಕೋಪಯೋಗಿ ಇಲಾಖೆಯ ನೌಕರರಾಗಿದ್ದುಕೊಂಡೇ ಶರಾವತಿ ನೀರಿನಲ್ಲಿ ಮುಳುಗಿದ ಊರುಗಳ ಕಥೆ ಬರೆದರು. ‘ದ್ವೀಪ’ವನ್ನು ಓದಿದವರಾರೂ ಇದನ್ನು ಬರೆದವರು ಯಾವ ಧರ್ಮದವರೆಂದು ಕೇಳಲಿಲ್ಲ, ಮುಳುಗಿದವರ ದುಃಖ ಸರಿಯಾಗಿ ಬಂದಿದೆಯೇ ಎಂದಷ್ಟೇ ನೋಡಿದರು. ಹುಡುಗನಿಗೆ ಡಿಸೋಜರ ಪರಿಚಯವಿತ್ತು, ಉತ್ತಂಗಿಯವರ ಹೆಸರು ಗೊತ್ತಿರಲಿಲ್ಲ. ನಮ್ಮ ಪಠ್ಯಪುಸ್ತಕಗಳ ಬಗ್ಗೆ ಹೇಳಹೊರಟರೆ ಅದೇ ಬೇರೆ ಲೇಖನವಾದೀತು.

ಇನ್ನು ದೇಶಕ್ಕೆ ಸಲ್ಲಬೇಕಾದ ಕೃತಜ್ಞತೆ. ಸಂವಿಧಾನ ಸಭೆಯಲ್ಲಿ ಅಲ್ಪಸಂಖ್ಯಾತರಿಗೆ ಶಾಸನಸಭೆಗಳಲ್ಲಿ ಸ್ಥಾನ ಮೀಸಲಿಡುವ ಪ್ರಸ್ತಾಪವಿತ್ತು. 1949ರಲ್ಲಿ ಅದನ್ನು ಕೈಬಿಡುವ ತೀರ್ಮಾನವಾದಾಗ ಸಭೆಯ ಉಪಾಧ್ಯಕ್ಷರಾಗಿದ್ದ ಕ್ರೈಸ್ತ ನಾಯಕ ಎಚ್.ಸಿ. ಮುಖರ್ಜಿಯವರೂ ಮಂಗಳೂರಿನಲ್ಲಿ ಜನಿಸಿದ ಜೆಸ್ಯೂಟ್ ಪಾದ್ರಿ ಜೆರೋಮ್ ಡಿಸೋಜರೂ ಅದರ ಪರವಾಗಿದ್ದರು. ತಮ್ಮ ಜನಕ್ಕೆ ಬೇರೆ ಪಾಲು ಬೇಡ, ಎಲ್ಲರಂತೆ ನಾಗರಿಕರಾಗಿದ್ದರೆ ಸಾಕು ಎಂಬುದು ಅವರ ನಿಲುವಾಗಿತ್ತು. ಹಾಗಿರುವಾಗ ನಾಗರಿಕತ್ವವನ್ನು ಉಪಕಾರವೆಂದು ನೆನಪಿಸುವುದು ಯಾವ ನ್ಯಾಯ? 2008ರ ಸೆಪ್ಟೆಂಬರ್‌ನಲ್ಲಿ ಕರಾವಳಿಯಲ್ಲೂ ಇತರೆಡೆಯೂ ಪ್ರಾರ್ಥನಾ ಮಂದಿರಗಳ ಮೇಲೆ ದಾಳಿಗಳಾದಾಗ ಈ ಹುಡುಗ ಪ್ರಾಥಮಿಕ ಶಾಲೆಯಲ್ಲಿದ್ದ. ಅವನ ತಂದೆ ಬೈಕಿನ ಮೇಲಿದ್ದ ಶಿಲುಬೆಯ ಸ್ಟಿಕರನ್ನು ಉಗುರಿನಿಂದ ಕೆರೆದು ತೆಗೆದದ್ದು ಅವನಿಗೆ ನೆನಪಿದೆ. ಕೆಲವು ತಿಂಗಳ ಬಳಿಕ ತಂದೆ ಮತ್ತೆ ಹೊಸದನ್ನು ಅಂಟಿಸಿದರು. ಏನೂ ಹೇಳಲಿಲ್ಲ, ಇವನೂ ಕೇಳಲಿಲ್ಲ.

ಆಮಿಷದ ಮಾತಿಗೆ ಬರುತ್ತೇನೆ. ಬಾಸೆಲ್ ಮಿಷನ್ 1834ರಲ್ಲಿ ಮಂಗಳೂರಿಗೆ ಬಂತು, ಕ್ರಮೇಣ ಧಾರವಾಡ, ಹುಬ್ಬಳ್ಳಿ, ಬೆಟಗೇರಿ ಕಡೆಗೂ ಹಬ್ಬಿತು. ಸೇರಿದವರು ಮೊದಲು ಕಳೆದುಕೊಂಡದ್ದು ಜಾತಿಯ ಕಸುಬನ್ನು, ಬಾವಿಯನ್ನು, ಎಷ್ಟೋ ವೇಳೆ ಪಿತ್ರಾರ್ಜಿತದ ಪಾಲನ್ನು. ಮತ ಬದಲಿಸಿದವರಿಗೂ ಆಸ್ತಿಯ ಹಕ್ಕು ಉಳಿಯಬೇಕೆಂದು 1850ರಲ್ಲಿ ಒಂದು ಕಾಯ್ದೆಯನ್ನೇ ಮಾಡಬೇಕಾಯಿತು. ಹೀಗೆ ನೆಲೆ ತಪ್ಪಿದವರಿಗೆ ಉದ್ಯೋಗ ಕೊಡಲೆಂದು ಹುಟ್ಟಿದವು ಮಿಷನ್ನಿನ ನೇಯ್ಗೆ ಮತ್ತು 1865ರಲ್ಲಿ ಮಂಗಳೂರಿನಲ್ಲಿ ಆರಂಭವಾದ ಹೆಂಚಿನ ಕಾರ್ಖಾನೆ. ಇದನ್ನು ಆಮಿಷವೆನ್ನುವವರು ನಷ್ಟದ ಕಲಮನ್ನು ಓದದೆ ಲಾಭದ ಕಲಮನ್ನಷ್ಟೇ ಓದುತ್ತಾರೆ. ಸುಮಾರು ಎರಡು ಶತಮಾನಗಳ ಆ ‘ಆಮಿಷ’ದ ಬಳಿಕ, 2011ರ ಜನಗಣತಿಯಂತೆ ಕರ್ನಾಟಕದಲ್ಲಿದ್ದ ಕ್ರೈಸ್ತರು 11.43 ಲಕ್ಷ, ಅಂದರೆ ಶೇ 1.87. ಅವರಲ್ಲೂ ಕರಾವಳಿಯ ಕೊಂಕಣಿ ಕ್ಯಾಥೊಲಿಕರು, ಬೆಂಗಳೂರಿನ ತಮಿಳರು, ಕೇರಳದಿಂದ ಬಂದವರು, ಹಳೆ ಮೈಸೂರಿನ ಕನ್ನಡ ಕ್ಯಾಥೊಲಿಕರು, ಉತ್ತರ ಕನ್ನಡದ ಸಿದ್ದಿಗಳು ಎಲ್ಲರೂ ಸೇರಿದ್ದಾರೆ.

ನಷ್ಟದ ಆ ಕಲಮು ಇಂದಿಗೂ ತೆರೆದೇ ಇದೆ. 1950ರ ಸಂವಿಧಾನ (ಪರಿಶಿಷ್ಟ ಜಾತಿಗಳು) ಆದೇಶದ 3ನೆಯ ಕಂಡಿಕೆಯ ಪ್ರಕಾರ ಹಿಂದೂ ಧರ್ಮೀಯರಲ್ಲದವರು ಪರಿಶಿಷ್ಟ ಜಾತಿಯವರೆನಿಸಿಕೊಳ್ಳುವಂತಿರಲಿಲ್ಲ. 1956ರಲ್ಲಿ ಸಿಖ್ಖರಿಗೂ 1990ರಲ್ಲಿ ಬೌದ್ಧರಿಗೂ ಬಾಗಿಲು ತೆರೆಯಿತು. ಕ್ರೈಸ್ತರಿಗೆ ಮತ್ತು ಮುಸ್ಲಿಮರಿಗೆ ತೆರೆಯಲಿಲ್ಲ. ಪರಿಶಿಷ್ಟ ಪಂಗಡಗಳಿಗೆ ಇಂಥ ನಿರ್ಬಂಧವೇ ಇಲ್ಲ. ಮದ್ರಾಸಿನ ರಸ್ತೆಬದಿಯಲ್ಲಿ ಚಪ್ಪಲಿ ಹೊಲಿಯುತ್ತಿದ್ದ ಸೂಸೈ ಎಂಬವರು, ಪಕ್ಕದಲ್ಲಿ ಕುಳಿತು ಅದೇ ಕೆಲಸ ಮಾಡುವ ಹಿಂದೂ ದಲಿತನಿಗೆ ಸರ್ಕಾರ ಉಚಿತವಾಗಿ ಕೊಡುವ ಪೆಟ್ಟಿಗೆ ಅಂಗಡಿ ಕ್ರೈಸ್ತನಾದ ತನಗೇಕಿಲ್ಲ ಎಂದು ಸುಪ್ರೀಂ ಕೋರ್ಟಿಗೆ ಹೋಗಿದ್ದರು. ಮತಾಂತರದ ನಂತರವೂ ಅಸ್ಪೃಶ್ಯತೆಯ ಬಾಧೆ ಅಷ್ಟೇ ತೀವ್ರವಾಗಿ ಉಳಿದಿದೆ ಎಂಬುದಕ್ಕೆ ಪುರಾವೆ ಸಾಲದೆಂದು 1985ರಲ್ಲಿ ನ್ಯಾಯಾಲಯ ಅವರ ಅರ್ಜಿಯನ್ನು ತಳ್ಳಿಹಾಕಿತು. ನಿರ್ಬಂಧ ಸಡಿಲಿಸಬೇಕೆಂದು 2007ರಲ್ಲಿ ರಂಗನಾಥ ಮಿಶ್ರಾ ಆಯೋಗ ಶಿಫಾರಸು ಮಾಡಿತು. 2022ರಲ್ಲಿ ಇದೇ ಪ್ರಶ್ನೆಗಾಗಿ ನ್ಯಾಯಮೂರ್ತಿ ಕೆ.ಜಿ. ಬಾಲಕೃಷ್ಣನ್ ನೇತೃತ್ವದಲ್ಲಿ ಮತ್ತೊಂದು ಆಯೋಗ ನೇಮಕವಾಯಿತು.

ಕರ್ನಾಟಕದಲ್ಲಿ ಪರಿಶಿಷ್ಟ ಜಾತಿಯಿಂದ ಬಂದ ಕ್ರೈಸ್ತರನ್ನು ಹಿಂದುಳಿದ ವರ್ಗಗಳ ಪ್ರವರ್ಗ-1ರಲ್ಲಿ ಇರಿಸಲಾಗಿದೆ. ಏನೂ ಇಲ್ಲದ್ದಕ್ಕಿಂತ ಮೇಲು ನಿಜ. ಆದರೆ ಶೇ 4ರ ಆ ಪಾಲಿನಲ್ಲಿ ಹಲವು ಅಲೆಮಾರಿ, ಅರೆಅಲೆಮಾರಿ ಸಮುದಾಯಗಳೂ ಇವೆ. ನಮ್ಮ ಹುಡುಗನ ಸೋದರಸಂಬಂಧಿಗಳಲ್ಲಿ ಚರ್ಚಿಗೆ ಹೋಗದೆ ಉಳಿದವರು ಪರಿಶಿಷ್ಟ ಜಾತಿಯವರು. ಒಂದೇ ಕೇರಿ, ಒಂದೇ ರಕ್ತ, ಪ್ರಮಾಣಪತ್ರ ಎರಡು. ದಾಖಲೆಯಲ್ಲಿ ‘ಕ್ರಿಶ್ಚಿಯನ್’ ಎಂಬುದನ್ನು ಬಿಟ್ಟುಬಿಡು, ಮನೆಯಲ್ಲಿ ಏನಾದರೂ ಮಾಡಿಕೋ ಎಂದು ಸ್ವಂತ ಸೋದರಮಾವನೇ ಬುದ್ಧಿ ಹೇಳಿದರಂತೆ. ಹಾಗೆ ಮಾಡಿದವರು ಎಷ್ಟೋ ಮಂದಿ ಇದ್ದಾರೆ. ಉಪವಿಭಾಗಾಧಿಕಾರಿಯಾಗಿದ್ದಾಗ, ಶಾಲೆಯಲ್ಲಿ ಒಂದು ಹೆಸರು, ಸಭೆಯಲ್ಲಿ ಇನ್ನೊಂದು ಹೆಸರು ಇಟ್ಟುಕೊಂಡ ಕುಟುಂಬಗಳನ್ನು ನಾನೂ ಕಂಡಿದ್ದೇನೆ. ಅವರನ್ನು ವಂಚಕರೆನ್ನಲು ನನ್ನ ನಾಲಿಗೆ ಏಳುವುದಿಲ್ಲ. 2024ರ ನವೆಂಬರ್‌ನಲ್ಲಿ ಸೆಲ್ವರಾಣಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಕ್ರೈಸ್ತ ಧರ್ಮವನ್ನು ಆಚರಿಸುತ್ತಲೇ ಮೀಸಲಾತಿಗಾಗಿ ಹಿಂದೂ ಎನ್ನಿಸಿಕೊಳ್ಳುವುದು ಸಂವಿಧಾನಕ್ಕೆ ಮಾಡುವ ಮೋಸ ಎಂದಿತು. ಕಾನೂನು ಇರುವ ತನಕ ತೀರ್ಪು ಹಾಗೆಯೇ ಬರಬೇಕು. ಮನುಷ್ಯರನ್ನು ಅಂಥ ಸುಳ್ಳಿಗೆ ದೂಡುವ ಕಾನೂನು ಇರಬೇಕೇ ಎಂಬುದು ನನ್ನ ಪ್ರಶ್ನೆ.

ಹುಡುಗ ಮಾವನ ಮಾತು ಕೇಳಲಿಲ್ಲ. ‘ಸರ್ಟಿಫಿಕೇಟಿಗಾಗಿ ಭಾನುವಾರ ಮನೆಯಲ್ಲಿ ಕೂರಲಾರೆ ಸರ್’ ಎಂದ. ನಂಬಿಕೆಯ ಬಗ್ಗೆ ಅವನು ಆಡಿದ್ದು ಅಷ್ಟೇ. ನಾನು ಕ್ರೈಸ್ತನಲ್ಲ, ಹೇಳಿಕೊಳ್ಳುವಂಥ ಆಸ್ತಿಕನೂ ಅಲ್ಲ. ಆದರೆ ಒಂದು ವಸ್ತುವಿನ ಮೌಲ್ಯವನ್ನು, ಅದಕ್ಕಾಗಿ ಮನುಷ್ಯ ಏನನ್ನು ಬಿಟ್ಟುಕೊಡುತ್ತಾನೆ ಎಂಬುದರಿಂದ ಅಳೆಯಬೇಕೆಂದು ನನ್ನ ಶಾಸ್ತ್ರ ಕಲಿಸಿದೆ. ಮುಂದಿನ ಮೂವತ್ತೈದು ವರ್ಷಗಳ ಸಂಬಳ, ಪಿಂಚಣಿ, ಮಕ್ಕಳ ಓದು ಇವೆಲ್ಲವೂ ತೂಗುತ್ತಿರುವಾಗ ಒಬ್ಬ ಬಡ ತರುಣ ಇನ್ನೊಂದು ತಟ್ಟೆಯಲ್ಲಿ ತನ್ನ ಭಾನುವಾರವನ್ನು ಇಟ್ಟಿದ್ದಾನೆ.

ಈ ನಿರ್ಬಂಧ ಹೋಗಬೇಕೆಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಇರುವ ಪಾಲನ್ನೇ ಇನ್ನಷ್ಟು ಜನ ಹಂಚಿಕೊಳ್ಳಬೇಕಾದೀತೆಂಬ ಹಿಂದೂ ದಲಿತರ ಆತಂಕ ಸಣ್ಣದಲ್ಲ. ಬಡವರ ತಟ್ಟೆಯಿಂದ ತೆಗೆದು ಬಡವರಿಗೆ ಬಡಿಸುವುದು ನ್ಯಾಯವಲ್ಲ. ಆದ್ದರಿಂದ ಸೇರುವವರ ಜನಸಂಖ್ಯೆಗೆ ತಕ್ಕಂತೆ ಪಾಲನ್ನು ಹೆಚ್ಚಿಸುವುದು ಜೊತೆಜೊತೆಗೇ ಆಗಬೇಕು. ಚರ್ಚುಗಳೂ ತಮ್ಮ ಅಂಗಳವನ್ನು ನೋಡಿಕೊಳ್ಳಬೇಕು. ಮದುವೆಯ ಮಾತು ಬಂದೊಡನೆ ಮೂಲ ಜಾತಿಯನ್ನು ವಿಚಾರಿಸುವ ಸಭೆಗಳು, ಜಾತಿಯ ಹೆಸರು ಪಟ್ಟಿಯಲ್ಲಿ ಕಂಡಾಗ ಮಾತ್ರ ಅವಮಾನವಾಯಿತೆಂದರೆ ಹೇಗೆ? ಸೂಸೈ ಪ್ರಕರಣದಲ್ಲಿ ಇಲ್ಲವೆಂದ ಪುರಾವೆಯನ್ನು ಒದಗಿಸಬಲ್ಲದ್ದು ಇಂಥ ಸಮೀಕ್ಷೆಯೇ. ಹೆಸರುಗಳನ್ನು ಮರೆಮಾಡಿದ್ದರಿಂದ ಆ ಪುರಾವೆಯೂ ಮರೆಯಾಗುವ ಅಪಾಯವಿದೆ. ಹುಡುಗನ ಮನೆಯವರು ಮಾತ್ರ ಧರ್ಮದ ಕಲಮಿನಲ್ಲಿ ಕ್ರೈಸ್ತ ಎಂದೂ ಜಾತಿಯ ಕಲಮಿನಲ್ಲಿ ಮುತ್ತಜ್ಜನ ಜಾತಿಯನ್ನೂ ಮಾತೃಭಾಷೆ ಕನ್ನಡವೆಂದೂ ಬರೆಸಿದ್ದಾರೆ.

ಹಾಗಾದರೆ ನಿನಗೆ ಯಾರ ಋಣವೂ ಇಲ್ಲವೇ ಎಂದು ಅವನನ್ನು ಕೇಳಿದ್ದೆ. ಇದೆಯೆಂದ. ಕನ್ನಡ ಬೈಬಲ್ಲಿನ ಸಾಲುಗಳ ಮೇಲೆ ಬೆರಳಿಟ್ಟು ಓದಲು ಕಲಿಸಿದ ಅಜ್ಜಿಯದು. ಹತ್ತನೆಯ ತರಗತಿಯ ಪರೀಕ್ಷಾ ಶುಲ್ಕ ಕಟ್ಟಿ, ಅದನ್ನು ಯಾರಿಗೂ ಹೇಳಬೇಡವೆಂದ ಸರ್ಕಾರಿ ಶಾಲೆಯ ಲಿಂಗಾಯತ ಮಾಸ್ತರರದು. ಸುಗ್ಗಿಯ ಕಾಲದಲ್ಲಿ ಅವರ ಸಭೆಯಲ್ಲಿ ಒಂದು ಭಾನುವಾರ ಜೋಳ, ಶೇಂಗಾ, ಕೋಳಿ, ಕುಂಬಳಕಾಯಿಗಳನ್ನು ತಂದು ಅರ್ಪಿಸುತ್ತಾರೆ, ಆಮೇಲೆ ಹರಾಜು ಹಾಕುತ್ತಾರೆ. ಹೊಲವಿಲ್ಲದ ಅವನ ಅಜ್ಜಿ, ಕೂಲಿಗೆ ಬಂದ ಜೋಳದಲ್ಲೇ ಒಂದು ಸೇರು ತೆಗೆದಿಡುತ್ತಿದ್ದಳಂತೆ. ಯಾರು ಎಷ್ಟು ತಂದರೆಂದು ಅಲ್ಲಿ ಬರೆದುಕೊಳ್ಳುವ ಪದ್ಧತಿ ಇರಲಿಲ್ಲ.

ಸರ್ಕಾರಕ್ಕೆ ಮಾತ್ರ ಬರೆದುಕೊಳ್ಳುವ ಚಟ ಬಿಟ್ಟಿಲ್ಲ. 2022ರ ಕರ್ನಾಟಕ ಧಾರ್ಮಿಕ ಸ್ವಾತಂತ್ರ್ಯ ಹಕ್ಕು ಸಂರಕ್ಷಣಾ ಕಾಯ್ದೆ, ಧರ್ಮ ಬದಲಿಸಬಯಸುವವರು 30 ದಿನ ಮೊದಲೇ ಜಿಲ್ಲಾ ದಂಡಾಧಿಕಾರಿಗೆ ನಮೂನೆ ತುಂಬಿ ಕೊಡಬೇಕೆಂದು ವಿಧಿಸಿತು. ಅದನ್ನು ಹಿಂಪಡೆಯಲು 2023ರ ಜೂನ್‌ನಲ್ಲಿ ಸಚಿವ ಸಂಪುಟ ತೀರ್ಮಾನಿಸಿತು. ಮನಸ್ಸಿನೊಳಗಿನದಕ್ಕೆ ನಮೂನೆ ಮುದ್ರಿಸಿದ ಅಧಿಕಾರಿ ಯಾರೋ, ಅವರ ಕಷ್ಟ ನನಗೆ ಅರ್ಥವಾಗುತ್ತದೆ. ಈ ಹುಡುಗ ಆಯ್ಕೆಯಾದರೆ ತಹಶೀಲ್ದಾರನ ಕುರ್ಚಿಯಲ್ಲಿ ಕುಳಿತು, ತನಗೆ ಸಿಗದ ಪ್ರಮಾಣಪತ್ರಕ್ಕೆ ಪ್ರತಿದಿನ ಸಹಿ ಹಾಕಬೇಕಾಗುತ್ತದೆ. ತನ್ನಂಥವರ ಅರ್ಜಿಗಳನ್ನು ತಿರಸ್ಕರಿಸಬೇಕಾಗುತ್ತದೆ. ಆಗ ಏನು ಮಾಡುತ್ತೀಯೆಂದು ಕೇಳಿದೆ. ಸಂದರ್ಶನದ ಪ್ರಶ್ನೆಯೆಂದೇ ಭಾವಿಸಿದನೋ ಏನೋ, ಚಹಾದ ಲೋಟವನ್ನು ಕೆಳಗಿಟ್ಟು ನೆಟ್ಟಗೆ ಕುಳಿತ. ‘ನಿಯಮದಂತೆ ಮಾಡುತ್ತೇನೆ ಸರ್. ಆದರೆ ತಿರಸ್ಕರಿಸುವ ಮುನ್ನ ಅವರನ್ನು ಕರೆದು, ಕುರ್ಚಿ ಕೊಟ್ಟು, ಕಾರಣವನ್ನು ನಾನೇ ಹೇಳುತ್ತೇನೆ.’