ಕಾಲು ಬೇಕು, ಬಾಯಿ ಬೇಡವೇ?

ಫ್ರಾನ್ಸಿನ ಜನಕ್ಕೆ ಫುಟ್‌ಬಾಲ್ ಡಿಫೆಂಡರ್ ಲಿಲಿಯಾನ್ ಥುರಾಮ್ ಅವರ ಒಂದು ಫೋಟೊ ಬಹಳ ಇಷ್ಟ. 1998ರ ಜುಲೈ 8, ವಿಶ್ವಕಪ್ ಸೆಮಿಫೈನಲ್, ಎದುರಾಳಿ ಕ್ರೊವೇಶಿಯಾ. ಎರಡನೇ ಗೋಲು ಹೊಡೆದ ಥುರಾಮ್ ಹುಲ್ಲಿನ ಮೇಲೆ ಮಂಡಿಯೂರಿ, ತುಟಿಗೆ ಬೆರಳಿಟ್ಟು, ಏನೋ ಯೋಚಿಸುವವರಂತೆ ಕೂತಿದ್ದಾರೆ. ಅಂದಿನಿಂದ ಅಲ್ಲಿನ ಒಂದು ವರ್ಗಕ್ಕೆ ಬೇಕಾಗಿರುವುದು ಆ ಥುರಾಮ್ ಮಾತ್ರ: ಗೆಲ್ಲಿಸಿಕೊಟ್ಟು ಬಾಯಿ ಮುಚ್ಚಿಕೊಂಡ ಥುರಾಮ್. ಬೆರಳು ತೆಗೆದು ವರ್ಣಭೇದದ ವಿರುದ್ಧ ಮಾತಾಡಿದರೆ ಸಾಕು, ಕೃತಘ್ನ, ಬಿಳಿಯರ ದ್ವೇಷಿ ಎಂದು ಬೈಗುಳ ಶುರು.

142. ಇವರಿಗೆ ನಾನು ಹೇಳುವುದು ಈ ಒಂದೇ ಲೆಕ್ಕ. ಫ್ರಾನ್ಸಿಗಾಗಿ ಥುರಾಮ್ ಆಡಿದ ಪಂದ್ಯಗಳು. 2022ರಲ್ಲಿ ಗೋಲ್‌ಕೀಪರ್ ಊಗೊ ಲೋರಿಸ್ ದಾಟುವ ತನಕ ಅಲ್ಲಿನ ಪುರುಷರ ತಂಡದಲ್ಲಿ ಅಷ್ಟು ಆಡಿದವರು ಇನ್ನೊಬ್ಬರಿರಲಿಲ್ಲ. ಅಷ್ಟರಲ್ಲೂ ಹೊಡೆದದ್ದು ಎರಡೇ ಗೋಲು, ಎರಡೂ ಆ ಒಂದೇ ರಾತ್ರಿ. ಅಂದು ಮುಂದೆ ಸರಿಯಲು ತಡಮಾಡಿ ಎದುರಾಳಿ ಸುಕರ್‌ಗೆ ದಾರಿ ಬಿಟ್ಟು, ಕ್ರೊವೇಶಿಯಾಕ್ಕೆ ಗೋಲು ಸಿಗುವಂತಾದದ್ದೂ ಅವರಿಂದಲೇ. ಮರುನಿಮಿಷವೇ ಕ್ರೊವೇಶಿಯಾದ ಬೊಬಾನ್ ಕಾಲಿಂದ ಚೆಂಡು ಕಿತ್ತು ಸಮ ಮಾಡಿದರು. ತನ್ನ ತಪ್ಪನ್ನು ತಾನೇ ತಿದ್ದಿ ದೇಶವನ್ನು ಫೈನಲ್‌ಗೆ ಒಯ್ದ ಮನುಷ್ಯ ದೇಶದ ತಪ್ಪನ್ನು ತೋರಿಸಬಾರದು, ಇದು ಯಾವ ನ್ಯಾಯ?

ಗ್ವಾಡೆಲೂಪ್ ದ್ವೀಪದಲ್ಲಿ ಹುಟ್ಟಿ 9ನೇ ವಯಸ್ಸಿಗೆ ಪ್ಯಾರಿಸ್ ಆಸುಪಾಸಿಗೆ ಬಂದ ಹುಡುಗ. ಆಗಿನ ಟೀವಿ ಕಾರ್ಟೂನಿನಲ್ಲಿ ಎರಡು ಹಸುಗಳಿದ್ದವು: ಪೆದ್ದು ಕಪ್ಪು ಹಸು, ಜಾಣ ಬಿಳಿ ಹಸು. ಸಹಪಾಠಿಗಳು ಅವನಿಗಿಟ್ಟದ್ದು ಆ ಕಪ್ಪು ಹಸುವಿನ ಹೆಸರು. ಮಾತು ಹುಟ್ಟಿದ್ದು ಅಲ್ಲಿ. ಮೊನಾಕೊ, ಪಾರ್ಮಾ, ಯುವೆಂಟಸ್, ಬಾರ್ಸಿಲೋನಾಗಳಲ್ಲಿ ಹೆಸರು, ಹಣ ಬಂದ ಮೇಲೆ ಅಂಟಿದ ಶೋಕಿಯಲ್ಲ ಅದು.

2005ರಲ್ಲಿ ಗೃಹ ಸಚಿವ ನಿಕೊಲಾ ಸರ್ಕೋಜಿ ಉಪನಗರದ ಹುಡುಗರನ್ನು ಕಸ ಎಂಬಂತೆ ಹೀಗಳೆದಾಗ, ನಾನೂ ಅಂಥ ಕಡೆಯೇ ಬೆಳೆದವನು ಎಂದು ಥುರಾಮ್ ಎದುರು ನಿಂತರು. ಮರುವರ್ಷ ಕಾಶಾನ್‌ನ ಹಳೆಯ ವಿದ್ಯಾರ್ಥಿ ನಿಲಯವೊಂದರಿಂದ ಪೊಲೀಸರು ಹೊರಹಾಕಿದ ವಲಸಿಗರಲ್ಲಿ 80 ಜನರನ್ನು ಅವರೂ ಸಹ ಆಟಗಾರ ಪ್ಯಾಟ್ರಿಕ್ ವಿಯೆರಾ ಅವರೂ ಫ್ರಾನ್ಸ್-ಇಟಲಿ ಪಂದ್ಯ ನೋಡಲು ಕರೆದರು. ಅದಕ್ಕೂ ರಾಜಕಾರಣಿಗಳು ಕೆಂಡವಾದರು. ಸೂರು ಕಳೆದುಕೊಂಡವರು ಒಂದು ಸಂಜೆ ಆಟ ನೋಡಿದರೆ ಯಾರ ಗಂಟು ಹೋಗುತ್ತದೆ?

ನನ್ನನ್ನು ಹೆಚ್ಚು ಕೆರಳಿಸುವುದು 2011ರ ಕೋಟಾ ಪ್ರಕರಣ. ಎರಡು ದೇಶಗಳ ಪೌರತ್ವವುಳ್ಳ ಮಕ್ಕಳ ಸಂಖ್ಯೆಗೆ ತರಬೇತಿ ಕೇಂದ್ರಗಳಲ್ಲಿ ಮಿತಿ ಹಾಕುವ ಮಾತು ಫುಟ್‌ಬಾಲ್ ಒಕ್ಕೂಟದ ಸಭೆಯಲ್ಲಿ ನಡೆದಿತ್ತು. ಸಭೆಯಲ್ಲಿದ್ದ ಆಗಿನ ಫ್ರಾನ್ಸ್ ತಂಡದ ಕೋಚ್ ಲೋರಾಂ ಬ್ಲಾಂ 1998ರಲ್ಲಿ ಥುರಾಮ್ ಪಕ್ಕದಲ್ಲೇ ಕಾವಲು ನಿಂತಿದ್ದವರು. ದೊಡ್ಡ ಮೈಕಟ್ಟು, ಬಲ ಎಂದರೆ ಕಪ್ಪು ಹುಡುಗರು ಎಂಬರ್ಥದ ಮಾತು ಅವರ ಬಾಯಿಂದ ಬಂತು. ಬ್ಲಾಂ ಕ್ಷಮೆ ಕೇಳಿದರು, ತನಿಖೆಯಿಂದ ಪಾರಾದರು. 1998ರ ಗೆಳೆಯರಲ್ಲಿ ಕೆಲವರು ಅವರ ಬೆನ್ನಿಗೆ ನಿಂತರು. ಥುರಾಮ್ ಮಾತ್ರ ಹಳೆಯ ಸ್ನೇಹಕ್ಕೆ ಕಟ್ಟುಬೀಳಲಿಲ್ಲ.

ಕಪ್ಪು ಆಟಗಾರನಿಗೆ ಶಕ್ತಿ, ವೇಗ, ಬಿಳಿಯನಿಗೆ ಬುದ್ಧಿ. ಕಾಮೆಂಟರಿಯಲ್ಲಿ ಇದನ್ನು ಕೇಳಿ ಕೇಳಿ ರೋಸಿಹೋಗಿದೆ. ಡಿಫೆಂಡರ್ ಆಟವೇ ತಲೆಯ ಆಟ. ಫಾರ್ವರ್ಡ್ ಹತ್ತು ಸಲ ತಪ್ಪಿ ಒಮ್ಮೆ ಹೊಡೆದರೂ ಹೆಗಲೇರುತ್ತಾನೆ. ಡಿಫೆಂಡರ್ ಹತ್ತು ಸಲ ಸರಿ ಊಹಿಸಿ ಒಮ್ಮೆ ತಪ್ಪಿದರೆ ಪಂದ್ಯವೇ ಹೋಯಿತು. ಚೆಂಡು ಎಲ್ಲಿ ಬೀಳುತ್ತದೆಂದು ಮೊದಲೇ ತಿಳಿದು ನಿಲ್ಲುವ ವಿದ್ಯೆಯನ್ನು 142 ಪಂದ್ಯಗಳಲ್ಲಿ ತೋರಿಸಿದವರಿಗೆ, ಯೋಚನೆ ನಿಮ್ಮ ಕೆಲಸವಲ್ಲ ಎನ್ನುವುದಕ್ಕೆ ಇವರಿಗೆ ಅದೆಷ್ಟು ಧೈರ್ಯ!

2019ರಲ್ಲಿ ಇಟಲಿಯ ಕಲ್ಯಾರಿಯಲ್ಲಿ ಕಪ್ಪು ಆಟಗಾರ ಲುಕಾಕುವನ್ನು ನೋಡಿ ಪ್ರೇಕ್ಷಕರು ಮಂಗನ ಕೂಗು ಹಾಕಿದರು. ತಾವೇ ಮೇಲು ಎಂಬ ಬಿಳಿಯರ ನಂಬಿಕೆಯೇ ಇದರ ಬೇರು ಎಂದರು ಥುರಾಮ್. ಫ್ರಾನ್ಸಿನಲ್ಲಿ ರಂಪವಾದದ್ದು ಆ ಕೂಗಿನ ಬಗ್ಗೆ ಅಲ್ಲ, ಥುರಾಮ್ ಬಗ್ಗೆ.

ಈಗ ಮಗನ ಸರದಿ. ಕಪ್ಪು ಜನರ ಹೋರಾಟಗಾರ ಮಾರ್ಕಸ್ ಗಾರ್ವಿಯ ಹೆಸರು ಹೊತ್ತ ಮಾರ್ಕಸ್ ಥುರಾಮ್, 2024ರ ಯೂರೋ ಕಪ್ ವೇಳೆ, ಬಲಪಂಥೀಯ ನ್ಯಾಷನಲ್ ರ್‍ಯಾಲಿ ಪಕ್ಷ ಗೆಲ್ಲದಂತೆ ದಿನವೂ ಹೋರಾಡಬೇಕು ಎಂದ. ಒಕ್ಕೂಟ ತಟಸ್ಥತೆಯ ಹೇಳಿಕೆ ಹೊರಡಿಸಿತು. ಆಡುವವನು ಆಡಿಕೊಂಡಿರಲಿ ಎಂಬ ಅದೇ ಹಳೆಯ ಪಲ್ಲವಿ. ಎರಡು ದಿನ ಕಳೆದು ಆಸ್ಟ್ರಿಯಾ ವಿರುದ್ಧ ಅದೇ ಹುಡುಗ ಫ್ರಾನ್ಸಿನ ಅಂಗಿ ತೊಟ್ಟು ಮೈದಾನಕ್ಕಿಳಿದ. ಫ್ರಾನ್ಸ್ 1-0ಯಿಂದ ಗೆದ್ದಿತು.