ದಿನಾ ಹತ್ತು ಕಿಲೋಮೀಟರ್ ಓಡಿದರೆ 100 ಮೀಟರ್ ಓಟದ ವೇಗ ಹೆಚ್ಚುತ್ತದೆಯೇ?

"ಸ್ಪರ್ಧೆ ಇಲ್ಲದ ತಿಂಗಳುಗಳಲ್ಲಿ ದಿನಾ ಹತ್ತು ಕಿಲೋಮೀಟರ್ ಓಡಿ, 100 ಮೀಟರ್‌ನಲ್ಲಿ ಗೆಲುವು ಗ್ಯಾರಂಟಿ." "ಈಜು ಒಂದೇ ಸಾಕು, ಬೇರೇನೂ ಬೇಡ." ಇಂಥ ಸಲಹೆಗಳು ವಾಟ್ಸ್ಆ್ಯಪ್ ಗ್ರೂಪುಗಳಲ್ಲಿ ಹೊಸದಲ್ಲ. ಶಾಲಾ ಕ್ರೀಡಾಕೂಟಕ್ಕೆ ಓಡುವ ಮಗುವಿರುವ ಮನೆಯಲ್ಲಿ ಇವನ್ನು ನಂಬಿಬಿಡುವುದು ಸುಲಭ. ಇವು ಎಷ್ಟು ನಿಜ ಎಂದು ನೋಡೋಣ.

ಸ್ಪ್ರಿಂಟ್‌ಗೆ ಬೇಕಾದದ್ದೇನು?

ಮೊದಲ ಕೆಲವು ಸೆಕೆಂಡುಗಳಲ್ಲಿ ಸ್ನಾಯುಗಳು ತಮ್ಮಲ್ಲೇ ಕೂಡಿಟ್ಟ ಎಟಿಪಿ ಮತ್ತು ಕ್ರಿಯಾಟಿನ್ ಫಾಸ್ಫೇಟ್‌ನಿಂದ ಶಕ್ತಿ ಪಡೆಯುತ್ತವೆ. ಆ ಹೊತ್ತಿನಲ್ಲಿ ಉಸಿರಿನ ಆಮ್ಲಜನಕದ ಪಾಲು ತೀರಾ ಕಡಿಮೆ. ಪೂರ್ಣ ವೇಗದಲ್ಲಿರುವ ನುರಿತ ಓಟಗಾರನ ಪಾದ ಪ್ರತಿ ಹೆಜ್ಜೆಗೆ ನೆಲಕ್ಕೆ ತಾಗುವುದು ಸುಮಾರು 0.1 ಸೆಕೆಂಡು ಮಾತ್ರ. ಅಷ್ಟರೊಳಗೆ ದೇಹದ ತೂಕದ ಹಲವು ಪಟ್ಟು ಬಲವನ್ನು ನೆಲದ ಮೇಲೆ ಹಾಕಬೇಕು. ನಿಧಾನವಾದ ದೂರದ ಓಟದಲ್ಲಿ ಈ ಅಭ್ಯಾಸ ಆಗುವುದಿಲ್ಲ. ಅದು ಹೃದಯಕ್ಕೆ ಒಳ್ಳೆಯದು, ದಮ್ಮು ಹೆಚ್ಚಿಸುತ್ತದೆ; ಆದರೆ ವೇಗ ಬೇರೆ, ದಮ್ಮು ಬೇರೆ.

ಯಾವ ಆಟ ಎಷ್ಟು ಉಪಯೋಗ?

• ಬಾಸ್ಕೆಟ್‌ಬಾಲ್, ವಾಲಿಬಾಲ್: ಪದೇ ಪದೇ ನೆಗೆಯುವುದರಿಂದ ಕಾಲಿನ ಸ್ಫೋಟಕ ಬಲ ಬೆಳೆಯುತ್ತದೆ. ಮೊಣಕಾಲು, ಹಿಮ್ಮಡಿಗಂಟಿನ ಬಗ್ಗೆ ಎಚ್ಚರ ಬೇಕು.
• ಫುಟ್‌ಬಾಲ್, ಕೊಕ್ಕೊ: ಚಿಕ್ಕ ಚಿಕ್ಕ ಓಟಗಳು, ಥಟ್ಟನೆ ವೇಗ ಹೆಚ್ಚಿಸುವ ಅಭ್ಯಾಸ ಸಿಗುತ್ತದೆ. ದಿಢೀರ್ ತಿರುವುಗಳಲ್ಲಿ ಕಾಲು ಉಳುಕಬಹುದು.
• ಲಾಂಗ್ ಜಂಪ್: ಪೂರ್ಣ ವೇಗದ ಓಟವೇ ಇದರ ಜೀವಾಳ. ಸ್ಪ್ರಿಂಟ್‌ಗೆ ಅತಿ ಹತ್ತಿರದ್ದು.
• ಈಜು: ಕೀಲುಗಳ ಮೇಲೆ ಭಾರ ಬೀಳದು, ಗಾಯದಿಂದ ಚೇತರಿಸಿಕೊಳ್ಳುವವರಿಗೆ ಅನುಕೂಲ. ಆದರೆ ನೀರಿನಲ್ಲಿ ನೆಲವನ್ನು ಒದೆಯುವ ಅಭ್ಯಾಸ ಸಿಗದು.

ಚಾಂಪಿಯನ್ನರ ಕಥೆ ಏನು ಹೇಳುತ್ತದೆ?

ಅಮೆರಿಕದ ಬಾಬ್ ಹೇಯ್ಸ್ 1964ರ ಟೋಕಿಯೊ ಒಲಿಂಪಿಕ್ಸ್‌ನಲ್ಲಿ 100 ಮೀಟರ್ ಚಿನ್ನ ಗೆದ್ದು, ಬಳಿಕ ಅಮೆರಿಕನ್ ಫುಟ್‌ಬಾಲ್‌ನಲ್ಲೂ ಹೆಸರು ಮಾಡಿದರು. ಉಸೇನ್ ಬೋಲ್ಟ್ ಬಾಲ್ಯದಲ್ಲಿ ಕ್ರಿಕೆಟ್ ಆಡುತ್ತಿದ್ದರು. ಹಾಗೆಂದು ಆ ಆಟಗಳೇ ಅವರಿಗೆ ವೇಗ ಕೊಟ್ಟವು ಎನ್ನಲಾಗದು. ವೇಗವಿದ್ದವರು ಹಲವು ಆಟಗಳಲ್ಲಿ ಮಿಂಚುವುದು ಸಹಜ.

2020ರಲ್ಲಿ ಕಂಬಳದ ಓಟಗಾರ ಶ್ರೀನಿವಾಸ ಗೌಡರು 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದಾಗಲೂ ಹೀಗೇ ಆಯಿತು. ಅದನ್ನು 100 ಮೀಟರ್‌ಗೆ ಲೆಕ್ಕ ಹಾಕಿ, "9.55 ಸೆಕೆಂಡು, ಬೋಲ್ಟ್‌ನ 9.58ರ ದಾಖಲೆ ಪುಡಿ" ಎಂಬ ಸಂದೇಶ ದೇಶವೆಲ್ಲ ಸುತ್ತಿತು. ಕಂಬಳದಲ್ಲಿ ಕೋಣಗಳು ಓಟಗಾರನನ್ನು ಮುಂದಕ್ಕೆ ಎಳೆಯುತ್ತವೆ. ಟ್ರ್ಯಾಕ್‌ನಲ್ಲಿ ಎಳೆಯಲು ಯಾರೂ ಇರುವುದಿಲ್ಲ. ಗೌಡರ ಸಾಮರ್ಥ್ಯ ದೊಡ್ಡದೇ, ಹೋಲಿಕೆ ಮಾತ್ರ ಸರಿಯಲ್ಲ.

ನಿಜವಾದ ಅಪಾಯ ಎಲ್ಲಿದೆ?

ತಿಂಗಳುಗಟ್ಟಲೆ ನಿಧಾನವಾಗಿ ಓಡಿ, ಸ್ಪರ್ಧೆ ಹತ್ತಿರ ಬಂದಾಗ ಒಮ್ಮೆಲೇ ಪೂರ್ಣ ವೇಗಕ್ಕೆ ಹೋದರೆ ತೊಡೆಯ ಹಿಂಭಾಗದ ಹ್ಯಾಮ್‌ಸ್ಟ್ರಿಂಗ್ ಸ್ನಾಯು ಹರಿಯುವ ಸಾಧ್ಯತೆ ಹೆಚ್ಚು. ಒಮ್ಮೆ ಹರಿದರೆ ವಾರಗಟ್ಟಲೆ ಮನೆಯಲ್ಲೇ ಕೂರಬೇಕಾಗಬಹುದು. ಮತ್ತೆ ಅದೇ ಜಾಗದಲ್ಲಿ ಗಾಯವಾಗುವ ಸಂಭವವೂ ಉಂಟು. ಹಾಗಾಗಿ ಯಾವ ಆಟ ಆಡಿದರೂ ಸ್ವಲ್ಪ ವೇಗದ ಓಟವನ್ನು ಬಿಡಬಾರದು. ಚೆನ್ನಾಗಿ ವಾರ್ಮ್‌ಅಪ್ ಮಾಡಿ, ವಾರಕ್ಕೆ ಒಂದೆರಡು ದಿನ 20-30 ಮೀಟರ್‌ನ ಕೆಲವು ಓಟ ಓಡಿ, ನಡುವೆ ಸಾಕಷ್ಟು ವಿಶ್ರಾಂತಿ ಪಡೆದರೆ ಒಳ್ಳೆಯ ಆರಂಭ.

ಮಕ್ಕಳ ವಿಷಯದಲ್ಲಿ ಇನ್ನೊಂದು ಮಾತು. ಒಂದೇ ಕ್ರೀಡೆಯನ್ನು ವರ್ಷವಿಡೀ ಮಾಡಿಸಬೇಡಿ, ವರ್ಷದಲ್ಲಿ ಒಟ್ಟು ಮೂರು ತಿಂಗಳಾದರೂ ಅದರಿಂದ ಬಿಡುವು ಕೊಡಿ ಎಂಬುದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯ ಸಲಹೆ. ಆ ಬಿಡುವಿನಲ್ಲಿ ಮಗು ಇಷ್ಟಪಟ್ಟು ಆಡುವ ಬೇರೆ ಆಟವೇ ಒಳ್ಳೆಯ ತಯಾರಿ.

ಒಟ್ಟಿನಲ್ಲಿ: ನೆಗೆತ, ಚಿಕ್ಕ ಓಟ ಇರುವ ಆಟ ಸ್ಪ್ರಿಂಟರ್‌ಗೆ ಸಹಾಯಕ. ದಿನಾ ಹತ್ತು ಕಿಲೋಮೀಟರ್ ಓಡಿದರೆ ಗೆಲುವು ಗ್ಯಾರಂಟಿ ಎಂಬುದು ತಪ್ಪು. ನೋವಿದ್ದರೆ ವೈದ್ಯರನ್ನೋ ಫಿಸಿಯೋಥೆರಪಿಸ್ಟರನ್ನೋ ಕಾಣಿ. ಆ ಸಂದೇಶ ನಿಮ್ಮ ಗ್ರೂಪಿಗೂ ಬಂದಿದ್ದರೆ, ಮುಂದಕ್ಕೆ ಕಳಿಸುವ ಬದಲು ಇದನ್ನು ಕಳಿಸಿ.